ಎಚ್ಚರಿಕೆ: ಯಾರಿಗೆ, ಯಾತಕ್ಕೆ?

(ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮೈಸೂರಿನ ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಕುವೆಂಪುನಗರ ಮೊದಲಾದ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಅಡ್ಡಾಡಿದರೆ ಹತ್ತು ಮನೆ ದಾಟುವುದರೊಳಗೆ ಒಂದು ಫಲಕ ಕಣ್ಣಿಗೆ ಬೀಳುತ್ತದೆ: 'ನಾಯಿ ಇದೆ, ಎಚ್ಚರಿಕೆ'. ಕೆಲವು ಗೇಟುಗಳಲ್ಲಿ ಬರಹದ ಜೊತೆಗೆ ಹಲ್ಲು ಕಿರಿದ ನಾಯಿಯ ಚಿತ್ರವೂ ಉಂಟು. ಇನ್ನು ಕೆಲವು ಮನೆಗಳಲ್ಲಿ ನಾಯಿ ಸತ್ತು ವರ್ಷಗಳೇ ಕಳೆದಿದ್ದರೂ ಫಲಕ ಮಾತ್ರ ಹಾಗೇ ತೂಗುತ್ತಿರುತ್ತದೆ. ಮೂರೇ ಪದಗಳ ಈ ಬರಹ ಹೇಳುವುದಾದರೂ ಏನನ್ನು?

ಅಂಚೆಯವನು ಅದನ್ನು ಓದಿ ಗೇಟಿನ ಹೊರಗೇ ನಿಂತು 'ಪೋಸ್ಟ್' ಎಂದು ಕೂಗುತ್ತಾನೆ. ಅವನ ಮಟ್ಟಿಗೆ ಅದೊಂದು ಉಪಕಾರ. ರಾತ್ರಿ ಹೊಂಚು ಹಾಕಿ ಬಂದ ಕಳ್ಳನೂ ಅದನ್ನೇ ಓದುತ್ತಾನೆ. ಅವನ ಮಟ್ಟಿಗೆ ಅದೊಂದು ಬೆದರಿಕೆ. ಕಾಂಪೌಂಡಿನೊಳಗೆ ಬಿದ್ದ ಚೆಂಡನ್ನು ತರಲು ಬಂದ ಎದುರು ಮನೆಯ ಹುಡುಗ ಓದಿ ನಗುತ್ತಾನೆ, ಏಕೆಂದರೆ ಆ ಮನೆಯಲ್ಲಿ ನಾಯಿ ಇಲ್ಲವೆಂಬುದು ಅವನಿಗೆ ಗೊತ್ತು. ಅವನ ಪಾಲಿಗೆ ಅದು ಬರೀ ಸುಳ್ಳು. ಅಕ್ಷರಗಳು ಅವೇ, ಓದುಗರು ಬೇರೆ, ಅರ್ಥ ಮೂರು. ಇಟಲಿಯ ಪಾಂಪೆ ಪಟ್ಟಣ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹುಗಿದುಹೋಯಿತಷ್ಟೆ. ಅಲ್ಲಿನ ಒಂದು ಮನೆಯ ಹೊಸ್ತಿಲ ಬಳಿ ಸಣ್ಣ ಸಣ್ಣ ಕಲ್ಲುಗಳನ್ನು ಜೋಡಿಸಿ ಸರಪಳಿ ಕಟ್ಟಿದ ನಾಯಿಯ ಚಿತ್ರ ಬಿಡಿಸಿ, ಲ್ಯಾಟಿನ್ ಭಾಷೆಯಲ್ಲಿ ಇದೇ ಮಾತನ್ನು ಬರೆಸಿದ್ದಾರೆ. ಅಂದರೆ ಈ ಫಲಕಕ್ಕೆ ಎರಡು ಸಾವಿರ ವರ್ಷಗಳ ವಯಸ್ಸಾಯಿತು. ನಾಯಿಯನ್ನು ಕುರಿತು ಎಚ್ಚರಿಸಿಕೊಂಡ ಆ ಊರಿಗೆ ಬೆಟ್ಟವನ್ನು ಕುರಿತು ಎಚ್ಚರಿಸುವವರು ಯಾರೂ ಇರಲಿಲ್ಲ.

ದಿನ ಬೆಳಗಾದರೆ ನಮ್ಮ ಸುತ್ತ ಎಚ್ಚರಿಕೆಗಳೇ. ವಿದ್ಯುತ್ ಕಂಬದ ಮೇಲೆ, ಔಷಧದ ಬಾಟಲಿಯ ಮೇಲೆ, ಬಸ್ಸಿನ ಕಿಟಕಿಯ ಪಕ್ಕದಲ್ಲಿ, ಹೊಳೆಯ ದಡದಲ್ಲಿ, ತಾಯಿಯ ಬಾಯಲ್ಲಿ. ಇಷ್ಟೊಂದು ಎಚ್ಚರಿಕೆಗಳ ನಡುವೆಯೂ ಜನ ಎಡವುವುದು, ಮುಳುಗುವುದು, ಸುಟ್ಟುಕೊಳ್ಳುವುದು ನಿಂತಿಲ್ಲ. ಎಚ್ಚರಿಕೆಯೆಂಬ ಮಾತು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಲಸ ಮಾಡದೆ ಹೋಗುತ್ತದೆ ಎಂದು ವಿಚಾರಿಸುವುದು ಅದಕ್ಕಾಗಿಯೇ ಅಗತ್ಯ.

ಪದಗಳ ಒಳಗೆ

ಮೊದಲು ಪದಗಳನ್ನೇ ನೋಡೋಣ. ಹಳಗನ್ನಡದ 'ಎೞ್ಚರ್' ಎಂದರೆ ನಿದ್ದೆಯಿಂದ ಏಳುವುದು. ಅದರಿಂದ ಎಚ್ಚರ, ಎಚ್ಚರದಿಂದ ಎಚ್ಚರಿಕೆ. 'ಜಾಗ್ರತೆ' ಸಂಸ್ಕೃತದಿಂದ ಬಂದದ್ದು, ಅದಕ್ಕೂ ಎದ್ದಿರುವುದೆಂದೇ ಅರ್ಥ. 'ಹುಷಾರು' ಪಾರಸಿ ಭಾಷೆಯದು, ಅಲ್ಲಿ 'ಹೋಶ್' ಎಂದರೆ ಪ್ರಜ್ಞೆ. 'ನಿಗಾ' ಎಂಬುದೂ ಪಾರಸಿಯೇ, ಅದರ ಅರ್ಥ ನೋಟ. ಬೇರೆ ಬೇರೆ ಮೂಲಗಳಿಂದ ಬಂದ ಈ ಪದಗಳೆಲ್ಲ ಒಂದೇ ಮಾತನ್ನು ಹೇಳುತ್ತವೆ: ಎದ್ದಿರು, ಕಣ್ಣು ಬಿಟ್ಟಿರು. ಇವುಗಳಲ್ಲಿ ಒಂದರಲ್ಲೂ ಭಯವೆಂಬ ಅರ್ಥವಿಲ್ಲ ಎಂಬುದನ್ನು ಗಮನಿಸಬೇಕು. ಎಚ್ಚರಿಸುವುದೆಂದರೆ ಹೆದರಿಸುವುದಲ್ಲ, ಎಬ್ಬಿಸುವುದು.

ನಮ್ಮ ಜನ ಈ ಪದಗಳನ್ನು ಬಳಸುವ ರೀತಿಯೂ ಇದಕ್ಕೆ ಒಪ್ಪುತ್ತದೆ. ಮೂರ್ಛೆ ಹೋದವನನ್ನು 'ಎಚ್ಚರ ತಪ್ಪಿದ' ಎನ್ನುತ್ತೇವೆ. ಜ್ವರ ಬಂದವನಿಗೆ 'ಹುಷಾರಿಲ್ಲ'. ಜಾಣ ಹುಡುಗ 'ಬಲು ಹುಷಾರು'. ಆರೋಗ್ಯ, ಬುದ್ಧಿ, ಎಚ್ಚರ ಈ ಮೂರನ್ನೂ ಒಂದೇ ಪದದಲ್ಲಿ ಇಟ್ಟುಕೊಂಡ ಭಾಷೆ ನಮ್ಮದು. 'ಜೋಕೆ' ಎಂಬ ಪದ ಇನ್ನೂ ಸ್ವಾರಸ್ಯದ್ದು. 'ಜೋಕೆ ಮಗಾ, ಮೆಟ್ಟಿಲು ಪಾಚಿ ಕಟ್ಟಿದೆ' ಎಂದು ಅಜ್ಜಿ ಹೇಳಿದಾಗ ಅದು ಪ್ರೀತಿ. 'ಇನ್ನೊಂದು ಸಲ ಈ ಕಡೆ ಬಂದೀಯ, ಜೋಕೆ!' ಎಂದು ಜಗಳದಲ್ಲಿ ಹೇಳಿದಾಗ ಅದು ಬೆದರಿಕೆ. ಪದ ಒಂದೇ, ರಾಗ ಬೇರೆ.

ಮೈಸೂರಿಗೆ ಚೆನ್ನಾಗಿ ಪರಿಚಿತವಾದ ಇನ್ನೊಂದು ಕೂಗಿದೆ, 'ಬಹುಪರಾಕ್'. ದಸರೆಯ ದರ್ಬಾರಿನಲ್ಲಿ ದೊರೆ ಸಿಂಹಾಸನದ ಕಡೆ ನಡೆಯುವಾಗ ವಂದಿಮಾಗಧರು ಇದನ್ನು ಕೂಗುತ್ತಿದ್ದರು. ಇಂದು ಇದನ್ನು ಕೇವಲ ಜಯಕಾರವೆಂದು ಭಾವಿಸುತ್ತೇವೆ. ನಿಘಂಟು ತೆರೆದರೆ ಪರಾಕು ಎಂಬುದಕ್ಕೆ 'ಗಮನವಿಡಿ, ಎಚ್ಚರ' ಎಂಬ ಅರ್ಥವೂ ಸಿಗುತ್ತದೆ. ದೇವರ ಉತ್ಸವಗಳಲ್ಲಿಯೂ ಈ ಸಂಪ್ರದಾಯ ಉಳಿದಿದೆ. ತ್ಯಾಗರಾಜರ ಉತ್ಸವ ಸಂಪ್ರದಾಯದ ಕೀರ್ತನೆಗಳಲ್ಲಿ 'ಹೆಚ್ಚರಿಕೆ' ಹೇಳಿ ದೇವರನ್ನು ನಿಧಾನವಾಗಿ ನಡೆಸಿಕೊಂಡು ಬರುವ ಕೃತಿ ಇದೆ. ದೊರೆಗೂ ದೇವರಿಗೂ ಹೆಜ್ಜೆ ನೋಡಿ ಇಡಿ ಎಂದು ಹೇಳುವುದು ಮರ್ಯಾದೆಯ ಲಕ್ಷಣವಾಗಿತ್ತೇ ಹೊರತು ಅವಮಾನವಾಗಿರಲಿಲ್ಲ.

ಸೂಚನೆ ಬೇರೆ, ಎಚ್ಚರಿಕೆ ಬೇರೆ

ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಗೋಡೆ ಏರಿದರೆ ಮಳೆ ಬರುತ್ತದೆಂದು ಹಳ್ಳಿಯವರು ಹೇಳುತ್ತಾರೆ. ಹಲ್ಲಿ ಲೊಚಗುಟ್ಟಿದರೆ, ಬೆಕ್ಕು ಅಡ್ಡ ಹೋದರೆ ಎಂದು ಶಕುನದ ಪಟ್ಟಿ ಬೆಳೆಯುತ್ತದೆ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆ, ವೈದ್ಯ, ಅಂತರ್ಜಲ ಶೋಧನೆಗಳ ಜೊತೆಗೆ ಮಳೆಯ ಲಕ್ಷಣಗಳಿಗೂ ಶಕುನಗಳಿಗೂ ಸ್ಥಾನ ಸಿಕ್ಕಿದೆ. ಇವೆಲ್ಲ ಎಚ್ಚರಿಕೆಗಳೇ?

ಇಂಗ್ಲೆಂಡಿನ ತತ್ತ್ವಜ್ಞ ಪಾಲ್ ಗ್ರೈಸ್ 1957ರಲ್ಲಿ ಅರ್ಥವನ್ನು ಕುರಿತು ಬರೆದ ಒಂದು ಸಣ್ಣ ಲೇಖನದಲ್ಲಿ ಉಪಯುಕ್ತವಾದ ಒಂದು ಭೇದ ಮಾಡಿದರು. ಮೈಮೇಲೆ ಎದ್ದ ಗುಳ್ಳೆಗಳ 'ಅರ್ಥ' ದಡಾರ. ಬಸ್ಸಿನ ಗಂಟೆ ಮೂರು ಸಲ ಬಾರಿಸಿದರೆ ಅದರ 'ಅರ್ಥ' ಬಸ್ಸು ತುಂಬಿದೆ. ಎರಡೂ ಕಡೆ ನಾವು ಅರ್ಥವೆಂದೇ ಹೇಳುತ್ತೇವೆ. ಆದರೆ ಗುಳ್ಳೆಗಳು ಯಾರಿಗೂ ಏನನ್ನೂ ಹೇಳಲು ಎದ್ದಿಲ್ಲ. ಗಂಟೆಯನ್ನಾದರೋ ಒಬ್ಬ ಮನುಷ್ಯ ಇನ್ನೊಬ್ಬನಿಗೆ ತಿಳಿಯಲೆಂದೇ ಬಾರಿಸಿದ್ದು. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಊದುವ ಸೀಟಿಯೂ, ಅವರು ಕೂಗುವ 'ರೈಟ್', 'ಹೋಲ್ಡಾನ್'ಗಳೂ ಈ ಎರಡನೆಯ ಜಾತಿಗೆ ಸೇರಿದವು. ಮೊದಲನೆಯದು ಸೂಚನೆ, ಎರಡನೆಯದು ಮಾತು. ಎಚ್ಚರಿಕೆ ಯಾವಾಗಲೂ ಮಾತಿನ ಜಾತಿಗೆ ಸೇರಿದ್ದು, ಅದರ ಹಿಂದೆ ಒಬ್ಬ ಮನುಷ್ಯನಿರುತ್ತಾನೆ.

ಮೈಸೂರಿನ ಚರಿತ್ರೆಯಲ್ಲಿಯೇ ಇದಕ್ಕೆ ನಿದರ್ಶನವಿದೆ. 1898ರಲ್ಲಿ ಪ್ಲೇಗ್ ಮಾರಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಮನೆಯಲ್ಲಿ ಇಲಿ ಸತ್ತುಬಿದ್ದರೆ ಮನೆ ಬಿಡಬೇಕೆಂಬ ತಿಳಿವಳಿಕೆ ಜನರಲ್ಲಿ ಬೇಗನೆ ಹರಡಿತು. ಮನೆಗೆ ಬೀಗ ಹಾಕಿ, ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದವರ ಕಥೆಗಳು ಹಳೆಯ ಮೈಸೂರಿನ ಅನೇಕ ಮನೆಗಳಲ್ಲಿ ಉಳಿದುಬಂದಿವೆ. ಇದು ಮೂಢನಂಬಿಕೆಯಾಗಿರಲಿಲ್ಲ. ರೋಗಾಣುವನ್ನು ಯೆರ್ಸಿನ್ 1894ರಲ್ಲಿ ಗುರುತಿಸಿದ್ದರು. ಅದನ್ನು ಇಲಿಯಿಂದ ಮನುಷ್ಯನಿಗೆ ತರುವುದು ಚಿಗಟವೆಂದು ಸಿಮಾಂಡ್ ತೋರಿಸಿದ್ದು ಅದೇ 1898ರಲ್ಲಿ. ಇಲಿ ಸತ್ತು ಮೈ ತಣ್ಣಗಾದೊಡನೆ ಹಸಿದ ಚಿಗಟಗಳು ಅದನ್ನು ಬಿಟ್ಟು ಹತ್ತಿರದ ಮನುಷ್ಯರನ್ನು ಹತ್ತುತ್ತವೆ. ಹಾಗಾಗಿ ಇಲಿ ಬೀಳುವುದಕ್ಕೂ ಮನೆಯವರು ಮಲಗುವುದಕ್ಕೂ ನಡುವೆ ಕೆಲವೇ ದಿನಗಳ ಅಂತರ. ಆ ದಿನಗಳಲ್ಲಿ ಮನೆ ಬಿಟ್ಟವರು ಬದುಕಿದರು.

ಇಲ್ಲಿ ಇಲಿ ಯಾರನ್ನೂ ಎಚ್ಚರಿಸಲಿಲ್ಲ, ಅದು ತನ್ನ ಪಾಡಿಗೆ ಸತ್ತಿತು. ಅದನ್ನು ಕಂಡು ಪಕ್ಕದ ಮನೆಯ ಬಾಗಿಲು ಬಡಿದು 'ಇಲಿ ಬಿದ್ದಿದೆ, ಇವತ್ತೇ ಹೊರಡಿ' ಎಂದವರು ಎಚ್ಚರಿಸಿದವರು. ಸೂಚನೆಯನ್ನು ಎಚ್ಚರಿಕೆಯನ್ನಾಗಿ ಮಾಡಲು ಬಾಗಿಲು ಬಡಿಯುವ ಒಬ್ಬ ನೆರೆಯವನು ಬೇಕು. ಪ್ಲೇಗಿನ ಅನುಭವದಿಂದ ಎಚ್ಚೆತ್ತ ಸರ್ಕಾರ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಗಾಗಿ ಒಂದು ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿ, ಗಾಳಿ ಬೆಳಕಿರುವ ಅಗಲ ಬೀದಿಗಳ ಹೊಸ ಬಡಾವಣೆಗಳಿಗೆ ದಾರಿ ಮಾಡಿತು. ಇಂದಿನ ಮೈಸೂರಿನ ಅಂದ ಚೆಂದದಲ್ಲಿ ಒಂದು ಪಾಲು ಆ ಎಚ್ಚರದ ಫಲ.

ಕಲ್ಲಿನ ಎಚ್ಚರಿಕೆ, ಮರಳಿನ ಶಾಪ

ಕನ್ನಡದಲ್ಲಿ ಬರಹಕ್ಕಿಳಿದ ಅತ್ಯಂತ ಹಳೆಯ ಎಚ್ಚರಿಕೆಗಳು ಶಾಸನಗಳಲ್ಲಿವೆ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಬಹುಕಾಲ ಕನ್ನಡದ ಮೊದಲ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನದಲ್ಲಿಯೇ ದಾನವನ್ನು ಅಳಿದವನಿಗೆ ಮಹಾಪಾತಕ ತಟ್ಟುತ್ತದೆ ಎಂಬ ಮಾತಿದೆ. ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಇದು ವಿಸ್ತಾರವಾಗುತ್ತ ಹೋಯಿತು. ದಾನಕ್ಕೆ ತಪ್ಪಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿರುತ್ತಾನೆ ಎಂಬ ಮಾತುಗಳು ನಾಡಿನುದ್ದಕ್ಕೂ ಕಲ್ಲುಗಳ ಕೊನೆಯ ಸಾಲುಗಳಲ್ಲಿ ಕಾಣುತ್ತವೆ. ಓದಲು ಬಾರದವರಿಗಾಗಿ ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಸೂರ್ಯಚಂದ್ರರಿರುವವರೆಗೆ ಈ ಮಾತು ನಿಲ್ಲಲಿ ಎಂಬುದು ಅದರ ತಾತ್ಪರ್ಯ.

ದಾನ ಕೊಟ್ಟ ಅರಸ ಸತ್ತಮೇಲೆ ಅವನ ಮಾತನ್ನು ಕಾಯುವವರು ಯಾರು? ಪೊಲೀಸರಿಲ್ಲ, ನ್ಯಾಯಾಲಯವಿಲ್ಲ. ಮುಂದೆ ಯಾವಾಗಲೋ ಬರುವ, ಹೆಸರೇ ಗೊತ್ತಿಲ್ಲದ ಅಧಿಕಾರಸ್ಥನಿಗೆ ಕಲ್ಲು ಮಾತನಾಡಬೇಕು. ಅದಕ್ಕಾಗಿ ಶಿಕ್ಷೆಯನ್ನು ಧರ್ಮದ ಕೈಗೆ ಒಪ್ಪಿಸಿದರು. ಆದರೂ ಈ ಮಾತುಗಳಲ್ಲಿ 'ತಪ್ಪಿದರೆ' ಎಂಬ ಷರತ್ತಿದೆ. ತಪ್ಪದಿದ್ದರೆ ಏನೂ ಆಗದು. ಕಟುವಾಗಿದ್ದರೂ ಇವು ಎಚ್ಚರಿಕೆಗಳೇ.

ತಲಕಾಡಿನ ಕಥೆ ಇದಕ್ಕಿಂತ ಬೇರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ವಿಜಯನಗರದ ಪ್ರತಿನಿಧಿ ಶ್ರೀರಂಗರಾಯನ ಮಡದಿ ಅಲಮೇಲಮ್ಮ, ತಲಕಾಡು ಮರಳಾಗಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿ ಹೊಳೆಗೆ ಹಾರಿದಳೆಂಬುದು ಐತಿಹ್ಯ. ಇಲ್ಲಿ 'ಆದರೆ' ಇಲ್ಲ, 'ಆಗಲಿ' ಮಾತ್ರ ಇದೆ. ಶಾಪಕ್ಕೂ ಎಚ್ಚರಿಕೆಗೂ ಇರುವ ಅಂತರ ಈ ಒಂದು ಪ್ರತ್ಯಯದಲ್ಲಿ ಅಡಗಿದೆ. ಶಾಪ ಕೇಳಿದವನಿಗೆ ಮಾಡುವುದು ಏನೂ ಉಳಿದಿರುವುದಿಲ್ಲ. ಎಚ್ಚರಿಕೆ ಕೇಳಿದವನಿಗೆ ಮಾಡುವ ಕೆಲಸ ಆಗ ತಾನೆ ಹುಟ್ಟುತ್ತದೆ. ತಲಕಾಡಿನಲ್ಲಿ ಕಾವೇರಿ ತಿರುವು ತೆಗೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬರಿದಾದ ಪಾತ್ರದ ಮರಳನ್ನು ಗಾಳಿ ಊರೊಳಗೆ ತಂದು ಸುರಿಯುತ್ತ ಬಂದಿದೆ. ಹೊಳೆಗೆ ಹಿಂದೆ ಕಟ್ಟಿದ ಅಣೆಯಿಂದಾಗಿ ನೀರಿನ ಹರಿವು ಬದಲಾದದ್ದೂ ಇದಕ್ಕೆ ಕಾರಣವಿರಬಹುದೆಂದು ಕೆಲವು ವಿದ್ವಾಂಸರ ಊಹೆ. ಮರಳನ್ನು ಶಾಪವೆಂದು ತಿಳಿದ ಊರು ದೇವಾಲಯಗಳನ್ನು ಮತ್ತೆ ಮತ್ತೆ ಮರಳಿನಿಂದ ಬಿಡಿಸಿಕೊಳ್ಳಬೇಕಾಯಿತು.

ವ್ಯಾಕರಣ ಪಾಠದ ಒಂದು ರೂಪ

ಶಾಲೆಯ ವ್ಯಾಕರಣದಲ್ಲಿ ಕ್ರಿಯಾಪದದ ಮೂರು ರೂಪಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ: ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ಮೂರನೆಯದಕ್ಕೆ ಉದಾಹರಣೆ ಬಂದಾನು, ಬಂದಾಳು, ಬಂದೀತು. ಸಂಶಯ ಅಥವಾ ಊಹೆ ತೋರುವ ರೂಪವೆಂದು ಮೇಷ್ಟ್ರು ವಿವರಿಸುತ್ತಾರೆ. ಆದರೆ ಮನೆಯಲ್ಲಿ, ಬೀದಿಯಲ್ಲಿ ಈ ರೂಪ ಹೆಚ್ಚಾಗಿ ಮಾಡುವ ಕೆಲಸ ಬೇರೆಯೇ. 'ಓಡಬೇಡ, ಬಿದ್ದೀಯೆ!' 'ಒಲೆಯ ಕಡೆ ನೋಡು, ಹಾಲು ಉಕ್ಕೀತು!' 'ಬಟ್ಟೆ ಹಿಡಿದು ಇಳಿಸು, ಕೈ ಸುಟ್ಟೀತು!' 'ಕೊಡೆ ತಗೊಂಡು ಹೋಗಿ, ಮಳೆ ಬಂದೀತು.'

ಇವೆಲ್ಲ ಎಚ್ಚರಿಕೆಗಳು. 'ಬೀಳುತ್ತೀಯೆ' ಎಂದರೆ ಭವಿಷ್ಯ ನುಡಿದಂತೆ. 'ಬೀಳು' ಎಂದರೆ ಶಾಪ. 'ಬಿದ್ದೀಯೆ' ಎಂದಾಗ ಮಾತ್ರ ಬೀಳುವ ಸಾಧ್ಯತೆಯೂ ಬೀಳದಿರುವ ಸಾಧ್ಯತೆಯೂ ಒಟ್ಟಿಗೆ ಉಳಿಯುತ್ತವೆ, ನಡುವೆ ಕೇಳುವವನ ಬುದ್ಧಿಗೆ ಜಾಗ ಸಿಗುತ್ತದೆ. ಆಡಿದವರಿಗೆ ತಮ್ಮ ಮಾತು ಸುಳ್ಳಾಗಲೆಂಬ ಆಸೆಯೂ ಅದರಲ್ಲಿದೆ. ಹೇಳಿದ್ದು ನಿಜವಾಗದಿರಲಿ ಎಂದು ಬಯಸಿ ಆಡುವ ಮಾತುಗಳಲ್ಲಿ ಎಚ್ಚರಿಕೆ ಮುಖ್ಯವಾದದ್ದು.

ಆಕ್ಸ್‌ಫರ್ಡಿನ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೊಟ್ಟ ಉಪನ್ಯಾಸಗಳು 1962ರಲ್ಲಿ ಪುಸ್ತಕವಾದವು. ಮಾತೆಂದರೆ ಬರೀ ವರ್ಣನೆಯಲ್ಲ, ಅದೊಂದು ಕ್ರಿಯೆ ಎಂಬುದು ಅವುಗಳ ಸಾರ. 'ಹೊಲದಲ್ಲಿ ಒಂದು ಹೋರಿ ಇದೆ' ಎಂಬ ವಾಕ್ಯ ಎಚ್ಚರಿಕೆಯೂ ಆಗಬಹುದು, ನೋಟದ ವರ್ಣನೆಯೂ ಆಗಬಹುದು ಎಂದು ಅವರು ತೋರಿಸಿದರು. ಅವರ ಹಾದಿಯಲ್ಲಿ ನಡೆದ ಜಾನ್ ಸರ್ಲ್ 1969ರಲ್ಲಿ ಇಂಥ ಕ್ರಿಯೆಗಳಿಗೆ ಬೇಕಾದ ಷರತ್ತುಗಳನ್ನು ಪಟ್ಟಿ ಮಾಡಿದರು. ಅವನ್ನು ನಮ್ಮ ದಿನಬಳಕೆಗೆ ಇಳಿಸಿ, ಕೊನೆಯಲ್ಲಿ ಒಂದನ್ನು ಸೇರಿಸಿಕೊಂಡರೆ ನಾಲ್ಕು ಮಾತುಗಳಾಗುತ್ತವೆ. ಅಪಾಯವಿದೆಯೆಂದು ನಂಬಲು ಹೇಳುವವನಿಗೆ ಕಾರಣವಿರಬೇಕು. ಅದು ಕೇಳುವವನಿಗೆ ತಾನಾಗಿ ತಿಳಿಯುವಂತಿರಬಾರದು. ಕೇಳುವವನ ಹಿತ ಅದರಲ್ಲಿರಬೇಕು. ತಪ್ಪಿಸಿಕೊಳ್ಳಲು ಅವನಿಗೊಂದು ದಾರಿ ಇರಬೇಕು. ಮೊದಲನೆಯದಿಲ್ಲದಿದ್ದರೆ ಅದು ಗಾಳಿಸುದ್ದಿ. ಎರಡನೆಯದಿಲ್ಲದಿದ್ದರೆ ಕಿರಿಕಿರಿ. ಮೂರನೆಯದಿಲ್ಲದಿದ್ದರೆ ಬೆದರಿಕೆ. ನಾಲ್ಕನೆಯದಿಲ್ಲದಿದ್ದರೆ ಬರೀ ಭೀತಿ.

ಮುಚ್ಚಳಿಕೆಯಾದ ಎಚ್ಚರಿಕೆ

ಈ ಅಳತೆಗೋಲು ಹಿಡಿದು ಊರಿನ ಫಲಕಗಳನ್ನು ನೋಡಿದರೆ ಅನೇಕವು ತೇರ್ಗಡೆಯಾಗುವುದಿಲ್ಲ. 'ವಾಹನಗಳಿಗೆ ಮಾಲೀಕರೇ ಜವಾಬ್ದಾರರು', 'ಕಳುವಾದರೆ ಆಡಳಿತ ಮಂಡಳಿ ಹೊಣೆಯಲ್ಲ' ಎಂಬ ಬರಹಗಳು ನೋಡಲು ಎಚ್ಚರಿಕೆಯಂತಿವೆ. ವಾಸ್ತವವಾಗಿ ಅವು ಓದುಗನಿಂದ ಸಹಿ ಹಾಕಿಸಿಕೊಳ್ಳದೆಯೇ ಬರೆಸಿಕೊಂಡ ಮುಚ್ಚಳಿಕೆಗಳು. ನಾಳೆ ಏನಾದರೂ ಆದರೆ 'ನಾವು ಹೇಳಿದ್ದೆವಲ್ಲ' ಎನ್ನಲು ಇಟ್ಟುಕೊಂಡ ಆಧಾರ. ಇದು ಹೊಸ ಜಾಣತನವೇನಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯಿಂದಾಗುವ ಅಪಘಾತಗಳ ವಿಚಾರ ಬರುತ್ತದೆ. 'ದೂರ ಸರಿ' ಎಂದು ಗಟ್ಟಿಯಾಗಿ ಕೂಗಿದ ಸಾರಥಿಗೆ ದಂಡವಿಲ್ಲ ಎಂಬುದು ಅಲ್ಲಿನ ವಿಧಿ. ಕೂಗು ದಾರಿಹೋಕನನ್ನು ಉಳಿಸುತ್ತದೆ ಎಂಬುದರ ಜೊತೆಗೇ ಅದು ಸಾರಥಿಯನ್ನೂ ಉಳಿಸುತ್ತದೆ ಎಂಬುದನ್ನು ಆ ಕಾಲದವರೂ ಕಂಡುಕೊಂಡಿದ್ದರು. ಮೈಸೂರಿನ ಟಾಂಗಾದವನು 'ದಾರಿ ದಾರಿ' ಎಂದು ಕೂಗುವಾಗ ಕುದುರೆಯ ಲಗಾಮನ್ನೂ ಬಿಗಿ ಹಿಡಿಯುತ್ತಾನೆ. ಎಚ್ಚರಿಕೆಗೂ ಮುಚ್ಚಳಿಕೆಗೂ ಇರುವ ಅಂತರ ಆ ಲಗಾಮಿನಲ್ಲಿದೆ.

ಸಿಗರೇಟಿನ ಪೊಟ್ಟಣ ಇನ್ನೊಂದು ಉದಾಹರಣೆ. 1975ರ ಕಾಯಿದೆ ಬಂದಾಗ ಪೊಟ್ಟಣದ ಮೇಲೆ ಧೂಮಪಾನ ಆರೋಗ್ಯಕ್ಕೆ ಹಾನಿಕರವೆಂಬ ಒಂದು ಸಣ್ಣ ಸಾಲು ಸೇರಿತು. 2003ರಲ್ಲಿ ಹೊಸ ಕಾಯಿದೆ ಬಂತು. 2009ರ ಮೇ 31ರಿಂದ ಚಿತ್ರಗಳು ಬಂದವು. 2016ರ ಏಪ್ರಿಲ್‌ನಿಂದ ಪೊಟ್ಟಣದ ಶೇಕಡ 85ರಷ್ಟು ಜಾಗ ಎಚ್ಚರಿಕೆಗೇ ಮೀಸಲಾಯಿತು. ಆ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಒಂದು ಎಚ್ಚರಿಕೆ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋದದ್ದು ವಿಶೇಷ. ಮೈಸೂರಿನ ಸಮೀಪದಲ್ಲೇ ಹುಣಸೂರು, ಪಿರಿಯಾಪಟ್ಟಣಗಳ ಸುತ್ತ ವರ್ಜಿನಿಯಾ ತಂಬಾಕಿನ ಹೊಲಗಳಿವೆ, ಬೆಲೆಗಾಗಿ ಹರಾಜು ಕಟ್ಟೆಯಲ್ಲಿ ಕಾಯುವ ರೈತರಿದ್ದಾರೆ. ಒಂದೇ ಎಲೆ ಒಂದೆಡೆ ಬದುಕು, ಇನ್ನೊಂದೆಡೆ ಎಚ್ಚರಿಕೆ. ಪೊಟ್ಟಣದ ಮೇಲಿನ ಚಿತ್ರದಿಂದ ಆದ ಒಂದು ಲಾಭವನ್ನು ಮಾತ್ರ ಒಪ್ಪಬೇಕು. ಅಕ್ಷರ ಬಾರದವನಿಗೂ ಅದು ಮುಟ್ಟಿತು. ವಿದ್ಯುತ್ ಕಂಬದ ಮೇಲಿನ ತಲೆಬುರುಡೆಯ ಚಿತ್ರ ಬಹುಕಾಲದಿಂದ ಮಾಡುತ್ತಿರುವ ಕೆಲಸವೂ ಅದೇ.

ಆನೆಗಳಿಗೆ ಕಲಿಸುವ ಪಾಠ

ದಸರೆಗೆ ಮುನ್ನ ಮೈಸೂರಿನಲ್ಲಿ ಪ್ರತಿವರ್ಷ ಒಂದು ತಾಲೀಮು ನಡೆಯುತ್ತದೆ. ಜಂಬೂಸವಾರಿಯ ದಿನ 21 ಸುತ್ತು ಕುಶಾಲತೋಪು ಹಾರಿಸುವುದು ಪದ್ಧತಿ. ಆ ಸದ್ದಿಗೆ ಆನೆ, ಕುದುರೆಗಳು ಬೆದರಬಾರದೆಂದು ಮೊದಲೇ ಅವನ್ನು ಸಾಲಾಗಿ ನಿಲ್ಲಿಸಿ ಫಿರಂಗಿ ಹಾರಿಸುತ್ತಾರೆ. ಕಾಡಿನಿಂದ ಬಂದ ಆನೆಗೆ ಆ ಸದ್ದು ಸಹಜವಾಗಿ ಅಪಾಯದ ಸೂಚನೆ. ಮೊದಲ ಸಲ ಬೆದರುತ್ತದೆ. ಸದ್ದಿನ ಹಿಂದೆ ಏನೂ ಆಗದಿರುವುದನ್ನು ಕಂಡು ಮೂರನೆಯ ಸಲಕ್ಕೆ ಕಿವಿ ಬೀಸಿಕೊಂಡು ನಿಲ್ಲುತ್ತದೆ.

ಆನೆಗೆ ಇದು ಬೇಕಾದ ಪಾಠ. ಆದರೆ ಊರಿನ ಜನರಿಗೂ ತಿಳಿಯದಂತೆ ಇದೇ ತಾಲೀಮು ನಡೆಯುತ್ತಿದೆ. ಕಾರಣವಿಲ್ಲದೆ ಮೊರೆಯುವ ಹಾರ್ನು, ಕಾಮಗಾರಿ ಮುಗಿದು ತಿಂಗಳಾದರೂ ರಸ್ತೆಯಲ್ಲಿ ಬಿದ್ದಿರುವ 'ಕೆಲಸ ನಡೆಯುತ್ತಿದೆ' ಫಲಕ, ನಾಯಿಯಿಲ್ಲದ ಮನೆಯ ನಾಯಿಬೋರ್ಡು, ಇವೆಲ್ಲ ಒಂದೊಂದು ಹುಸಿ ತೋಪು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಲಕ್ಷಾಂತರ ಮೊಬೈಲುಗಳು ಏಕಕಾಲಕ್ಕೆ ಚೀರಿದ್ದು ಹಲವರಿಗೆ ನೆನಪಿರಬಹುದು. ವಿಪತ್ತಿನ ಕಾಲಕ್ಕೆಂದು ರೂಪಿಸಿದ ವ್ಯವಸ್ಥೆಯ ಪರೀಕ್ಷೆ ಅದು, ಸಂದೇಶವನ್ನು ಕಡೆಗಣಿಸಿ ಎಂಬ ಕೋರಿಕೆಯೂ ಅದರಲ್ಲೇ ಇತ್ತು. ಪರೀಕ್ಷೆ ಅನಿವಾರ್ಯ, ನಿಜ. ಆದರೆ ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯಲ್ಲಿ ಕೊನೆಗೆ ತೋಳ ಬಂದೇ ಬಂತು ಎಂಬುದನ್ನು ಮರೆಯಬಾರದು. ಹುಸಿ ಎಚ್ಚರಿಕೆಯ ಬೆಲೆಯನ್ನು ನಿಜವಾದ ಎಚ್ಚರಿಕೆ ತೆರುತ್ತದೆ.

ಹೊಳೆಯ ದಡದಲ್ಲಿ

ಈ ವಿಚಾರ ಬರೀ ಭಾಷೆಯ ಸ್ವಾರಸ್ಯವಲ್ಲ, ಪ್ರಾಣದ ಪ್ರಶ್ನೆ ಎಂಬುದು ಹೊಳೆಯ ದಡದಲ್ಲಿ ತಿಳಿಯುತ್ತದೆ. ಮೈಸೂರಿಗೆ ಹತ್ತಿರದಲ್ಲೇ, ಕನ್ನಂಬಾಡಿ ಕಟ್ಟೆಯ ಕೆಳಗೆ ಕಾವೇರಿಯ ಮೇಲೆ ಬಲಮುರಿ, ಎಡಮುರಿ ಎಂಬ ಚೆಲುವಾದ ಜಾಗಗಳಿವೆ. ರಜೆ ಬಂತೆಂದರೆ ಹುಡುಗರು ಗುಂಪು ಗುಂಪಾಗಿ ಹೋಗುತ್ತಾರೆ. ಅಲ್ಲಿ ಮುಳುಗಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. 'ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ' ಎಂಬ ಧಾಟಿಯ ಫಲಕಗಳು ಹೊಳೆದಂಡೆಗಳಲ್ಲಿ ಅಪರೂಪವಲ್ಲ.

ಆ ವಾಕ್ಯವನ್ನು ವ್ಯಾಕರಣದ ಕಣ್ಣಿನಿಂದ ನೋಡಿ. ನಿಷೇಧಿಸಿದವರು ಯಾರು ಎಂದಿಲ್ಲ. ಏಕೆ ಎಂದಿಲ್ಲ. ಇಳಿದರೆ ಏನಾದೀತು ಎಂದಿಲ್ಲ. ಹದಿನೆಂಟರ ಹುಡುಗನಿಗೆ ಅದು ಇನ್ನೊಂದು ಸರ್ಕಾರಿ ಆಜ್ಞೆ, ಮೀರಿದರೆ ಹೆಚ್ಚೆಂದರೆ ಬೈಗುಳ. ಅವನಿಗೆ ತಿಳಿಯದೆ ಇರುವುದು ಬೇರೆ. ಅಣೆಯ ಮೇಲಿಂದ ಧುಮುಕಿದ ನೀರು ಬುಡದಲ್ಲಿ ಹಿಂದಕ್ಕೆ ಸುತ್ತುತ್ತದೆ, ಅದಕ್ಕೆ ಸಿಕ್ಕವನು ಈಜು ಬಲ್ಲವನಾದರೂ ಮೇಲೆ ಬರುವುದು ಕಷ್ಟ. ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇದ್ದೀತು. ಕಲ್ಲುಗಳ ಮೇಲಿನ ಪಾಚಿ ಕಾಲು ನಿಲ್ಲಗೊಡದು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ, ಇಲ್ಲಿ ಮಳೆಯೇ ಇಲ್ಲದಿದ್ದರೂ ಹೊಳೆ ಏರೀತು. ಮುಳುಗುವವನನ್ನು ಎಳೆಯಲು ಹಾರಿದ ಗೆಳೆಯನೂ ಅವನ ಜೊತೆ ಹೋದಾನು. ಸ್ಥಳೀಯ ಬೆಸ್ತರಿಗೆ ಇದೆಲ್ಲ ಗೊತ್ತು. ಅವರು ಹೇಳುವುದು ಸಂಭಾವನೆಯ ಭಾಷೆಯಲ್ಲಿ: 'ಆ ಕಡೆ ಹೋಗಬೇಡಿ ಕಣ್ರಪ್ಪಾ, ಸುಳಿ ಐತೆ, ಎಳ್ಕೊಂಡಾತು.' ಫಲಕದಲ್ಲಿ ಬರೆಯಬೇಕಾದದ್ದು ಇದನ್ನೇ.

ಪ್ರವಾಹದ ಪ್ರಕಟಣೆಗಳದೂ ಇದೇ ಕಥೆ. ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗುವುದು, ನದಿ ಪಾತ್ರದ ಜನ ಸುರಕ್ಷಿತ ಸ್ಥಳಗಳಿಗೆ ತೆರಳಬೇಕು ಎಂಬ ವಾಕ್ಯ ಪ್ರತಿ ಮಳೆಗಾಲದಲ್ಲೂ ಕಿವಿಗೆ ಬೀಳುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಎಂಜಿನಿಯರಿಗೆ ಈ ಸಂಖ್ಯೆಯಲ್ಲಿ ಚಿತ್ರವಿದೆ. ಹೊಳೆಸಾಲಿನ ರೈತನಿಗಿಲ್ಲ. ನಂಜನಗೂಡಿನ ಜನರನ್ನು ಕೇಳಿದರೆ ಅವರ ಅಳತೆ ಬೇರೆ: ಕಪಿಲೆಯ ದಡದ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ? 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿದಾಗ ಮಲ್ಲನಮೂಲೆಯ ಬಳಿ ಮೈಸೂರು-ನಂಜನಗೂಡು ರಸ್ತೆಯ ಮೇಲೆ ನೀರು ನಿಂತು ಸಂಚಾರ ಕಡಿದುಹೋಯಿತು. 'ಇಷ್ಟು ಕ್ಯೂಸೆಕ್' ಎನ್ನುವ ಬದಲು 'ನಾಳೆ ಮಧ್ಯಾಹ್ನದೊಳಗೆ ಮಂಟಪ ಮುಳುಗೀತು, ಮಲ್ಲನಮೂಲೆಯಲ್ಲಿ ರಸ್ತೆಗೆ ನೀರು ಬಂದೀತು, ದನಕರುಗಳನ್ನು ಇಂದೇ ಮೇಲಕ್ಕೆ ಹೊಡೆಯಿರಿ' ಎಂದರೆ ಅದು ಕೇಳಿದವನ ಕಣ್ಣಿಗೆ ಕಟ್ಟುತ್ತದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಉದ್ದೇಶವೂ ಇದೇ. ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕಾರ್ಯಕ್ಕಿಳಿಯಿರಿ. ಬಣ್ಣದ ಹೆಸರು ಊರಿಗೆಲ್ಲ ತಲುಪಿದೆ, ಬಣ್ಣದ ಅರ್ಥ ಇನ್ನೂ ತಲುಪಬೇಕಾಗಿದೆ.

ಹಿಂದೆ ತಮಟೆ ಬಡಿದು ಡಂಗುರ ಸಾರುವವನು ಓಣಿಗೆ ಬಂದು ನಿಲ್ಲುತ್ತಿದ್ದ. ಅವನು ಊರವನೇ. 'ಯಾವಾಗ ಬರ್ತದೆ ನೀರು? ನಮ್ಮ ಗದ್ದೆವರೆಗೂ ಬರ್ತದಾ?' ಎಂದು ಕೇಳಿದರೆ ಉತ್ತರ ಕೊಡುತ್ತಿದ್ದ. ಫಲಕಕ್ಕೂ ಮೊಬೈಲಿಗೂ ಆ ಶಕ್ತಿಯಿಲ್ಲ. ಅವು ಮಾತನಾಡುತ್ತವೆ, ಕೇಳಿಸಿಕೊಳ್ಳುವುದಿಲ್ಲ. ಪ್ಲೇಗಿನ ಕಾಲದ ನೆರೆಯವನಂತೆ ಬಾಗಿಲು ಬಡಿಯುವವರು ಇಂದಿಗೂ ಬೇಕಾಗುವುದು ಇದೇ ಕಾರಣಕ್ಕೆ.

ಕೊನೆಗೆ ಒಂದು ಒಗಟು. ಮೈಸೂರಿನ ಯಾವ ಮನೆಯಲ್ಲೇ ಆಗಲಿ, ಮಗ ಹೊರಗೆ ಹೊರಟರೆ ತಾಯಿ 'ಹುಷಾರಾಗಿ ಹೋಗಿ ಬಾಪ್ಪ' ಎನ್ನುತ್ತಾಳೆ. ಇದರಲ್ಲಿ ಯಾವ ಅಪಾಯದ ಹೆಸರೂ ಇಲ್ಲ, ತಪ್ಪಿಸಿಕೊಳ್ಳುವ ಉಪಾಯವೂ ಇಲ್ಲ. ನಾಲ್ಕು ಷರತ್ತುಗಳಲ್ಲಿ ಮೂರನ್ನು ಅದು ಪೂರೈಸುವುದಿಲ್ಲ. ಆದರೂ ದಿನವೂ ಹೇಳುತ್ತಾಳೆ, ಮಗ 'ಹೂಂ' ಎಂದು ಹೊರಡುತ್ತಾನೆ. ಉಳಿದ ಒಂದು ಷರತ್ತು, ಕೇಳುವವನ ಹಿತ, ಅದರಲ್ಲಿ ಪೂರ್ತಿಯಾಗಿ ಇದೆ. ನೀನು ಸಂಜೆ ಮರಳಿ ಬರುವುದನ್ನು ಇಲ್ಲೊಬ್ಬರು ಕಾಯುತ್ತಿದ್ದಾರೆ ಎಂಬುದೇ ಆ ಮಾತಿನ ಅರ್ಥ. ಹೊಳೆದಂಡೆಯ ಫಲಕವನ್ನು ಬರೆಯುವವರು, ಪ್ರಕಟಣೆ ಹೊರಡಿಸುವವರು ಆ ತಾಯಿಯ ಕಾಳಜಿಗೆ ಬೆಸ್ತನ ತಿಳಿವಳಿಕೆಯನ್ನು ಕೂಡಿಸಿಕೊಂಡು ಬರೆದರೆ, ಓದುವ ಹುಡುಗ ಒಂದು ಗಳಿಗೆ ನಿಂತಾನು. ಆ ಒಂದು ಗಳಿಗೆ ನಿಲ್ಲಿಸಿದರೆ ಎಚ್ಚರಿಕೆ ತನ್ನ ಕೆಲಸ ಮಾಡಿದಂತೆ.